ಚಿನ್ನದ ಗಣಿಯಲ್ಲಿ ಅಯಸ್ಕಾಂತ

ಬೆಂಗಳೂರಿನಿಂದ ಜೋಲಾರಪೇಟೆಯ ಕಡೆಗೆ ಹೋಗುವ ರೈಲುದಾರಿಯಲ್ಲಿ ಬಂಗಾರಪೇಟೆಯೆಂಬ ಜಂಕ್ಷನ್ನು ಇರುವುದನ್ನು ಶ್ರೋತೃಗಳಲ್ಲಿ ಅನೇಕರು ಬಲ್ಲರು. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಿಂದ ಮೊದಲು ಅದನ್ನು ಬೌರಿಂಗ್‌ಪೇಟೆಯೆಂದು ಕರೆಯುತ್ತಿದ್ದರು. ಅಲ್ಲಿಂದ ಕವಲೊಡೆದು ಮಾರಿಕುಪ್ಪದವರೆಗೆ ಹೋಗುವ ಸುಮಾರು ಹತ್ತು ಮೈಲಿಗಳ ದಾರಿಯು 1894ನೆಯ ಇಸವಿಯಲ್ಲಿ ಸಿದ್ಧವಾಯಿತು. ಕೋಲಾರದ ಚಿನ್ನದ ಗಣಿಗಳಿಗೆ ಬೇಕಾದ ಯಂತ್ರವೂ ಮರಮುಟ್ಟೂ ಜನವೂ ಬಹುಮಟ್ಟಿಗೆ ಹೋದುದು ಈ ದಾರಿಯಲ್ಲಿಯೇ.

ಈ ಪ್ರಯಾಣದಲ್ಲಿ ನಾವು ಒಂದು ಸಣ್ಣ ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು ಹೊರಟೆವೆಂದು ಭಾವಿಸೋಣ. ಅದು ಬೋಗಿಯ ಕಬ್ಬಿಣಕ್ಕೆ ಅಂಟುತ್ತದೆ, ಹಳಿಗೆ ಅಂಟುತ್ತದೆ, ಮೊಳೆಗೆ ಅಂಟುತ್ತದೆ. ಬೆರಳಿನ ಉಂಗುರಕ್ಕೆ ಮಾತ್ರ ಅಂಟುವುದಿಲ್ಲ. ಗಣಿಯ ಬಳಿ ಬಿದ್ದಿರುವ ಬಿಳಿಯ ಬೆಣಚುಕಲ್ಲಿಗೂ ಅಂಟುವುದಿಲ್ಲ. ಇದನ್ನು ಕಂಡು ನಾವು ಸಹಜವಾಗಿ, ಅಯಸ್ಕಾಂತಕ್ಕೂ ಕಬ್ಬಿಣಕ್ಕೂ ಮಾತ್ರವೇ ಸಂಬಂಧ, ಉಳಿದ ವಸ್ತುಗಳಿಗೆ ಅದರ ಗೊಡವೆಯಿಲ್ಲ, ಎಂದು ತೀರ್ಮಾನಿಸುತ್ತೇವೆ. ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ವಿದ್ವಾಂಸರ ತೀರ್ಮಾನವೂ ಹೆಚ್ಚುಕಡಿಮೆ ಇದೇ ಆಗಿದ್ದಿತು. ಅದು ತಪ್ಪು. ಅಯಸ್ಕಾಂತದ ಮುಂದೆ ಸುಮ್ಮನಿರುವ ವಸ್ತುವೇ ಲೋಕದಲ್ಲಿಲ್ಲ. ಆ ತಪ್ಪು ತಿದ್ದಲ್ಪಟ್ಟ ಬಗೆಯೇ ನಮ್ಮ ಈ ಹೊತ್ತಿನ ವಿಷಯ. ಅದನ್ನು ಹೇಳಲು ಕೋಲಾರದ ಗಣಿಗಿಂತ ಅನುಕೂಲವಾದ ಸ್ಥಳವು ನಮಗೆ ಬೇರೆ ತೋರದು. ಏಕೆಂದರೆ ಕಾಂತತ್ವದ ಮುಖ್ಯ ಬಗೆಗಳೆಲ್ಲಕ್ಕೂ ಅಲ್ಲಿಯೇ ನಿದರ್ಶನಗಳು ದೊರೆಯುತ್ತವೆ.

ಅಯಸ್ಕಾಂತವನ್ನು ನಮ್ಮ ಪೂರ್ವಿಕರು ಚೆನ್ನಾಗಿಯೇ ಅರಿತಿದ್ದರು. ಅಯಸ್ಸೆಂದರೆ ಕಬ್ಬಿಣ, ಅದಕ್ಕೆ ಕಾಂತನಾದುದು, ಎಂದರೆ ಪ್ರಿಯನಾದುದು, ಅಯಸ್ಕಾಂತ. ಕಾಳಿದಾಸನು ಕುಮಾರಸಂಭವದಲ್ಲಿ ಇದನ್ನು ಉಪಮಾನವಾಗಿ ಬಳಸಿದ್ದಾನೆ. ನಮ್ಮ ಜನರು ಇನ್ನೂ ಸರಳವಾಗಿ ಸೂಜಿಗಲ್ಲೆಂದರು. ಅಕ್ಕಸಾಲಿಗನ ಮನೆಯಲ್ಲಿ ಇದಕ್ಕೆ ನಿತ್ಯದ ಕೆಲಸವುಂಟು. ಅರದಿಂದ ಚಿನ್ನವನ್ನು ಉಜ್ಜುವಾಗ ಉದುರುವ ಪುಡಿಯಲ್ಲಿ ಅರದ ಕಬ್ಬಿಣವೂ ಬೆರೆತಿರುತ್ತದೆ. ಪುಡಿಯ ಮೇಲೆ ಸೂಜಿಗಲ್ಲನ್ನು ಆಡಿಸಿದರೆ ಕಬ್ಬಿಣವು ಎದ್ದು ಅದನ್ನು ಹಿಡಿಯುತ್ತದೆ, ಚಿನ್ನವು ತಟ್ಟೆಯಲ್ಲಿ ಉಳಿಯುತ್ತದೆ. ಹೊಳೆಯ ಮರಳನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುತ್ತಿದ್ದ ಜಲಗಾರರ ಮರಿಗೆಯಲ್ಲಿ ಕೊನೆಗೆ ಉಳಿಯುತ್ತಿದ್ದುದು ಚಿನ್ನವೊಂದೇ ಅಲ್ಲ, ಒಂದಷ್ಟು ಕರಿಯ ಮರಳೂ ಹೌದು. ಬೆಣಚಿನ ಮರಳು ನೀರಿಗಿಂತ ಎರಡೂವರೆಯಷ್ಟು ಭಾರ, ಅದು ಕೊಚ್ಚಿಹೋಗುತ್ತದೆ. ಕರಿಯ ಮರಳಿನಲ್ಲಿರುವ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು ಐದರಷ್ಟು ಭಾರ, ಚಿನ್ನವಾದರೋ ಹತ್ತೊಂಬತ್ತರಷ್ಟು. ಭಾರವಾದುವೆರಡೂ ತಳದಲ್ಲಿ ನಿಲ್ಲುತ್ತವೆ. ಚಿನ್ನವನ್ನು ಅರಸಿದವನ ಕೈಗೆ ಅಯಸ್ಕಾಂತದ ಕಲ್ಲೂ ಬಂದು ಸೇರುತ್ತಿದ್ದುದು ಹೀಗೆ.

1802ನೆಯ ಇಸವಿಯಲ್ಲಿ ಮೈಸೂರು ಸಂಸ್ಥಾನದ ಪೂರ್ವದ ಎಲ್ಲೆಯನ್ನು ಗುರುತಿಸಲು ಬಂದ ಲೆಫ್ಟೆನೆಂಟ್ ಜಾನ್ ವಾರೆನ್ ಎಂಬ ಮೋಜಣಿ ಅಧಿಕಾರಿಯು ಮಾರಿಕುಪ್ಪದ ಬಳಿ ಹಳೆಯ ಗುಂಡಿಗಳಿಂದ ಕಲ್ಲು ತೆಗೆಯುತ್ತಿದ್ದುದನ್ನೂ, ಹೆಂಗಸರು ಆ ಕಲ್ಲನ್ನು ಕುಟ್ಟಿ ಪುಡಿಮಾಡಿ ತೊಳೆದು ಚಿನ್ನವನ್ನು ಬೇರ್ಪಡಿಸುತ್ತಿದ್ದುದನ್ನೂ ಕಂಡನು. 1873ರಲ್ಲಿ ಮೈಕೇಲ್ ಲವೆಲ್ ಎಂಬವನು ಗಣಿಯ ಹಕ್ಕನ್ನು ಪಡೆದನು. 1880ರಿಂದಾಚೆಗೆ ಜಾನ್ ಟೇಲರ್ ಮತ್ತು ಮಕ್ಕಳ ಕಂಪನಿಯು ಕೆಲಸವನ್ನು ವಹಿಸಿಕೊಂಡು, ಚಾಂಪಿಯನ್ ಎಂಬ ಹೆಸರಿನ ಚಿನ್ನದ ಪಟ್ಟಿಯನ್ನು ಹಿಡಿದು ಆಳಕ್ಕೆ ಇಳಿಯಿತು. ಈ ಗಣಿಗಳು ಕೊನೆಗೆ ಮೂರು ಕಿಲೋಮೀಟರಿಗೂ ಮಿಕ್ಕು ಆಳವಾದುವು; ಸುಮಾರು ಎಂಟುನೂರು ಟನ್ ಚಿನ್ನವನ್ನು ಕೊಟ್ಟುವು. ಈ ಚರಿತ್ರೆಯನ್ನು ಅನೇಕರು ಹೇಳಿದ್ದಾರೆ. ಅದೇ ಕಲ್ಲುಗಳ ಇನ್ನೊಂದು ಚರಿತ್ರೆಯನ್ನು ಈಗ ನೋಡೋಣ.

ಮೊದಲು ಚಿನ್ನವನ್ನೂ ಬೆಣಚುಕಲ್ಲನ್ನೂ ತೆಗೆದುಕೊಳ್ಳೋಣ. ಕೋಲಾರದ ಮುಖ್ಯ ಪಟ್ಟಿಯಲ್ಲಿ ಚಿನ್ನವು ಇರುವುದೇ ಬೆಣಚಿನೊಳಗೆ. ಇವೆರಡೂ ಅಯಸ್ಕಾಂತಕ್ಕೆ ಅಂಟುವುದಿಲ್ಲವೆಂಬುದು ನಿಜ, ಆದರೆ ಸುಮ್ಮನಿರುತ್ತವೆಯೆ? 1778ರಲ್ಲಿ ಹಾಲೆಂಡಿನ ಬ್ರುಗ್‌ಮನ್ಸ್ ಎಂಬ ಪಂಡಿತನು ಬಿಸ್ಮತ್ ಎಂಬ ಲೋಹವು ಅಯಸ್ಕಾಂತದಿಂದ ದೂರ ಸರಿಯುವುದನ್ನು ಗಮನಿಸಿದನು. ಇದೊಂದು ವಿನೋದವೆಂದು ಭಾವಿಸಿದರೋ ಏನೋ, ಬಹುಕಾಲ ಯಾರೂ ಅದನ್ನು ಮುಂದುವರಿಸಲಿಲ್ಲ. 1845ರ ನವೆಂಬರ್ ತಿಂಗಳಿನಲ್ಲಿ ಲಂಡನ್ನಿನ ಮೈಕೇಲ್ ಫ್ಯಾರಡೆಯು ಬಲವಾದ ವಿದ್ಯುತ್ಕಾಂತದ ಎರಡು ತುದಿಗಳ ನಡುವೆ ಭಾರವಾದ ಒಂದು ಗಾಜಿನ ತುಂಡನ್ನು ದಾರದಿಂದ ತೂಗುಹಾಕಿದನು. ಕಬ್ಬಿಣದ ಸೂಜಿಯಾಗಿದ್ದರೆ ಒಂದು ತುದಿಯಿಂದ ಇನ್ನೊಂದು ತುದಿಯ ಕಡೆಗೆ ಮುಖಮಾಡಿ ನಿಲ್ಲುತ್ತಿತ್ತು. ಗಾಜು ಅದಕ್ಕೆ ಅಡ್ಡಲಾಗಿ ತಿರುಗಿ ನಿಂತಿತು. ಫ್ಯಾರಡೆಯು ಅಲ್ಲಿಗೇ ಬಿಡುವವನಲ್ಲ. ಲೋಹ, ಲವಣ, ಮರ, ಮಾಂಸ, ಹಣ್ಣು, ರೊಟ್ಟಿ, ಕೈಗೆ ಸಿಕ್ಕಿದುದೆಲ್ಲವನ್ನೂ ತೂಗುಹಾಕಿ ನೋಡಿದನು. ಬಹುಪಾಲು ಪದಾರ್ಥಗಳು ಗಾಜಿನಂತೆಯೇ ಹಿಂಜರಿದುವು. ಈ ಗುಣಕ್ಕೆ ಅವನು ಡಯಾಮ್ಯಾಗ್ನೆಟಿಸಮ್ ಎಂಬ ಹೆಸರಿಗೆ ಮೂಲವಾದ ಪದವನ್ನು ಕೊಟ್ಟನು. ನಾವು ಅದನ್ನು ಪ್ರತಿಕಾಂತತ್ವವೆಂದು ಕರೆಯೋಣ.

ಚಿನ್ನವು ಪ್ರತಿಕಾಂತ. ಬೆಳ್ಳಿ, ತಾಮ್ರ, ಬೆಣಚು, ನೀರು, ಇವೂ ಪ್ರತಿಕಾಂತಗಳೇ. ಬಹುಭಾಗ ನೀರಿನಿಂದಾದ ನಮ್ಮ ಶರೀರವೂ ಅದೇ ಗುಂಪಿಗೆ ಸೇರಿದುದು. ಇದರ ಕಾರಣವನ್ನು 1905ರಲ್ಲಿ ಫ್ರಾನ್ಸಿನ ಲಾಂಜೆವ್ಯಾಂ ಎಂಬ ವಿಜ್ಞಾನಿಯು ವಿವರಿಸಲು ಯತ್ನಿಸಿದನು. ಪೂರ್ಣವಾದ ವಿವರಣೆಯು ಮುಂದೆ ಬಂದ ಕ್ವಾಂಟಂ ಸಿದ್ಧಾಂತದಿಂದ ದೊರೆಯಿತು. ಪ್ರತಿಯೊಂದು ಪರಮಾಣುವಿನಲ್ಲಿಯೂ ಎಲೆಕ್ಟ್ರಾನುಗಳಿವೆ. ಹೊರಗಿನಿಂದ ಅಯಸ್ಕಾಂತವನ್ನು ತಂದರೆ ಅವುಗಳ ಚಲನೆಯಲ್ಲಿ ಉಂಟಾಗುವ ಅಲ್ಪ ವ್ಯತ್ಯಾಸವು ಆ ಅಯಸ್ಕಾಂತವನ್ನೇ ವಿರೋಧಿಸುವಂತಿರುತ್ತದೆ. ವಿರೋಧವು ತೀರ ಕ್ಷೀಣ. ಚಿನ್ನದಲ್ಲಿ ಹುಟ್ಟುವ ಕಾಂತತ್ವವು ಅದರ ಮೇಲೆ ಪ್ರಯೋಗಿಸಿದ ಕ್ಷೇತ್ರದ ಲಕ್ಷದಲ್ಲಿ ಸುಮಾರು ಮೂರು ಪಾಲು ಮಾತ್ರ, ಅದೂ ವಿರುದ್ಧ ದಿಕ್ಕಿನಲ್ಲಿ. ಅಯಸ್ಕಾಂತವನ್ನು ತೆಗೆದೊಡನೆ ಅದೂ ಮಾಯ. ಇಂಥ ಸೂಕ್ಷ್ಮಗಳನ್ನು ಅಳೆಯುವುದರಲ್ಲಿ ನಮ್ಮ ದೇಶದವರ ಪಾಲು ಕಡಮೆಯದಲ್ಲ. 1928ರಲ್ಲಿ ಲಾಹೋರಿನಲ್ಲಿ ಶಾಂತಿಸ್ವರೂಪ ಭಟ್ನಾಗರರು ಮಾಥುರರೊಡನೆ ಇದಕ್ಕಾಗಿ ಒಂದು ಸೂಕ್ಷ್ಮವಾದ ತಕ್ಕಡಿಯನ್ನು ರಚಿಸಿದರು; ಢಾಕಾದಲ್ಲಿ ಕೆ. ಎಸ್. ಕೃಷ್ಣನ್ನರು ಹರಳುಗಳ ಕಾಂತಗುಣವು ದಿಕ್ಕಿನಿಂದ ದಿಕ್ಕಿಗೆ ಬದಲಾಗುವುದನ್ನು ಅಳೆದು ಕೀರ್ತಿ ಪಡೆದರು.

ಇಲ್ಲಿ ಗೃಹಸ್ಥರಿಗೆ ಒಂದು ಮಾತು. ಸೂಜಿಗಲ್ಲಿಗೆ ಅಂಟದಿದ್ದರೆ ಅದು ಅಪ್ಪಟ ಚಿನ್ನವೆಂದು ನಂಬುವವರುಂಟು. ಅಂಟಿದರೆ ಅದರಲ್ಲಿ ಕಬ್ಬಿಣವೋ ನಿಕ್ಕಲೋ ಇದೆಯೆಂದು ಸಂಶಯಪಡಬಹುದು. ಅಂಟದಿದ್ದರೆ ಏನೂ ಸಿದ್ಧವಾಗುವುದಿಲ್ಲ. ತಾಮ್ರವೂ ಹಿತ್ತಾಳೆಯೂ ಅಂಟುವುದಿಲ್ಲ. ಈ ಪರೀಕ್ಷೆಯೊಂದನ್ನೇ ನೆಚ್ಚಿ ಹಣ ಕೊಟ್ಟವರು ಮೋಸಹೋಗುವ ಸಂಭವವುಂಟು. ಒರೆಗಲ್ಲಿನ ಕೆಲಸವನ್ನು ಸೂಜಿಗಲ್ಲು ಮಾಡಲಾರದು.

ಬೆಣಚಿನ ಪಟ್ಟಿಯ ಇಕ್ಕೆಲಗಳಲ್ಲಿಯೂ ಕಪ್ಪು ಹಸುರು ಬಣ್ಣದ ಕಲ್ಲಿದೆ. ಭೂವಿಜ್ಞಾನಿಗಳು ಅದನ್ನು ಹಾರ್ನ್‌ಬ್ಲೆಂಡ್ ಶಿಸ್ಟ್ ಎನ್ನುತ್ತಾರೆ. ಸುಮಾರು ಎಂಬತ್ತು ಕಿಲೋಮೀಟರು ಉದ್ದಕ್ಕೆ ಕಿರಿದಾಗಿ ಚಾಚಿರುವ ಕೋಲಾರದ ಶಿಲಾಪಟ್ಟಿಯ ಬಹುಭಾಗವು ಈ ಬಗೆಯದೇ. ಇದರ ವಯಸ್ಸು ಸುಮಾರು 270 ಕೋಟಿ ವರ್ಷ. ಈ ಕಲ್ಲಿನ ಖನಿಜಗಳಲ್ಲಿ ಕಬ್ಬಿಣದ ಪರಮಾಣುಗಳಿವೆ, ಆದರೆ ಒಂದೊಂದೂ ಬೇರೆ ಪರಮಾಣುಗಳ ನಡುವೆ ಒಂಟಿಯಾಗಿದೆ. ಪ್ರತಿಯೊಂದೂ ತಾನೇ ಒಂದು ಅತಿಸಣ್ಣ ಅಯಸ್ಕಾಂತ. ಆದರೆ ಸಂತೆಯಲ್ಲಿ ನೆರೆದ ಜನರಂತೆ ಒಂದೊಂದು ಒಂದೊಂದು ಕಡೆಗೆ ಮುಖಮಾಡಿರುತ್ತದೆ. ಬಲವಾದ ಅಯಸ್ಕಾಂತವನ್ನು ಹತ್ತಿರ ತಂದರೆ, ಸಂತೆಯಲ್ಲಿ ತಮಟೆಯ ಸದ್ದಾದಾಗ ಕೆಲವರು ತಿರುಗಿ ನೋಡುವಂತೆ, ಕೆಲವು ಪರಮಾಣುಗಳು ಅತ್ತ ತಿರುಗುತ್ತವೆ; ಸದ್ದು ನಿಂತರೆ ಮತ್ತೆ ತಮ್ಮ ವ್ಯಾಪಾರಕ್ಕೆ ಹೋಗುತ್ತವೆ. ಇದು ಕ್ಷೀಣವಾದ ಆಕರ್ಷಣೆ. ಫ್ಯಾರಡೆಯು ಇದನ್ನು ಪ್ಯಾರಾಮ್ಯಾಗ್ನೆಟಿಕ್ ಎಂದನು, ನಾವು ಅನುಕಾಂತವೆನ್ನೋಣ. ಅಲ್ಯೂಮಿನಿಯಂ ಅನುಕಾಂತ, ಗಾಳಿಯಲ್ಲಿರುವ ಆಮ್ಲಜನಕವೂ ಅನುಕಾಂತ. ಗಣಿಯ ಆಳದಲ್ಲಿ ದುಡಿಯುವವರಿಗೆಂದು ಮೇಲಿನಿಂದ ಇಳಿಸುತ್ತಿದ್ದ ಉಸಿರುಗಾಳಿಯಲ್ಲಿಯೇ ಈ ಗುಣವಿದ್ದಿತೆಂಬುದು ವಿಸ್ಮಯಕರವಲ್ಲವೆ?

1895ರಲ್ಲಿ ಪಿಯೆರ್ ಕ್ಯೂರಿಯು ಇವೆರಡು ಬಗೆಗಳ ನಡುವಣ ಮುಖ್ಯ ಭೇದವನ್ನು ತೋರಿಸಿಕೊಟ್ಟನು. ಅನುಕಾಂತ ವಸ್ತುವನ್ನು ಕಾಯಿಸಿದಷ್ಟೂ ಅದರ ಆಕರ್ಷಣೆಯು ಕುಂದುತ್ತದೆ. ಏಕೆಂದರೆ ಶಾಖವು ಪರಮಾಣುಗಳನ್ನು ಅಲ್ಲಾಡಿಸಿ ಸಾಲನ್ನು ಕೆಡಿಸುತ್ತದೆ. ಪ್ರತಿಕಾಂತ ವಸ್ತುವು ಸಾಮಾನ್ಯವಾಗಿ ಶಾಖವನ್ನು ಲೆಕ್ಕಿಸುವುದಿಲ್ಲ. ಅದರಲ್ಲಿ ಕೆಡುವುದಕ್ಕೆ ಸಾಲೇ ಇಲ್ಲ.

ಮೂರನೆಯದು ನಮಗೆಲ್ಲ ಚಿರಪರಿಚಿತವಾದ ಕಬ್ಬಿಣದ ಬಗೆ, ಇದನ್ನು ಅಯಃಕಾಂತತ್ವವೆನ್ನಬಹುದು. ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಇವುಗಳಲ್ಲಿ ಪರಮಾಣುಗಳು ಹೊರಗಿನ ತಮಟೆಗಾಗಿ ಕಾಯುವುದಿಲ್ಲ. ದಸರೆಯ ಮೆರವಣಿಗೆಯಲ್ಲಿ ಸಿಪಾಯಿಗಳು ಒಂದೇ ದಿಕ್ಕಿಗೆ ನಡೆಯುವಂತೆ, ಅವು ಪಕ್ಕದವುಗಳನ್ನು ನೋಡಿಕೊಂಡು ತಾವೇ ಸಾಲುಗೂಡುತ್ತವೆ. ಹಾಗಾದರೆ ಪ್ರತಿಯೊಂದು ಮೊಳೆಯೂ ಅಯಸ್ಕಾಂತವೇಕಲ್ಲ? 1907ರಲ್ಲಿ ಪಿಯೆರ್ ವೈಸ್ ಎಂಬವನು ಇದಕ್ಕೆ ಉತ್ತರಕೊಟ್ಟನು. ಕಬ್ಬಿಣದೊಳಗೆ ಅನೇಕ ಸಣ್ಣ ಪ್ರದೇಶಗಳಿವೆ. ಒಂದೊಂದರೊಳಗೂ ಪೂರ್ಣ ಶಿಸ್ತು, ಆದರೆ ಒಂದು ಪ್ರದೇಶದ ದಿಕ್ಕಿಗೂ ಇನ್ನೊಂದರ ದಿಕ್ಕಿಗೂ ಹೊಂದಿಕೆಯಿಲ್ಲ. ಆದುದರಿಂದ ಹೊರಗೆ ಏನೂ ಕಾಣದು. ಅಯಸ್ಕಾಂತವನ್ನು ತಂದಾಗ ಅನುಕೂಲವಾದ ಪ್ರದೇಶಗಳು ಬೆಳೆದು ಉಳಿದುವನ್ನು ನುಂಗುತ್ತವೆ. ಆ ಶಿಸ್ತಿಗೆ ಕಾರಣವಾದ ಬಲವು ಯಾವುದೆಂಬುದನ್ನು 1928ರಲ್ಲಿ ಹೈಸೆನ್‌ಬರ್ಗನು ಕ್ವಾಂಟಂ ಸಿದ್ಧಾಂತದಿಂದ ತಿಳಿಸಿದನು.

ಮೆದುಕಬ್ಬಿಣವು ಬೇಗ ಕಾಂತವಾಗಿ ಬೇಗ ಮರೆಯುತ್ತದೆ. ಉಕ್ಕು ಕಷ್ಟದಿಂದ ಕಾಂತವಾಗಿ ಬಹುಕಾಲ ನೆನಪಿಡುತ್ತದೆ. ಮರೆಯುವ ಕಬ್ಬಿಣದಿಂದ ಕೋಲಾರಕ್ಕಾದ ಉಪಕಾರವು ದೊಡ್ಡದು. ವಿದ್ಯುತ್ತನ್ನು ಹುಟ್ಟಿಸುವ ಯಂತ್ರದಲ್ಲಿಯೂ, ಅದರ ಒತ್ತಡವನ್ನು ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರಿನಲ್ಲಿಯೂ, ಅದರಿಂದ ನಡೆಯುವ ಮೋಟಾರಿನಲ್ಲಿಯೂ ಒಳಗಿನ ಕಬ್ಬಿಣವು ಕ್ಷಣಕ್ಷಣಕ್ಕೂ ತನ್ನ ಕಾಂತದಿಕ್ಕನ್ನು ಬದಲಿಸಿಕೊಳ್ಳಬೇಕು. ಹಠಮಾಡುವ ಉಕ್ಕು ಅಲ್ಲಿ ಕೆಲಸಕ್ಕೆ ಬಾರದು. ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 92 ಮೈಲಿಗಳ ತಂತಿಯ ಮೂಲಕ 1902ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಕೋಲಾರದ ಗಣಿಗಳನ್ನು ತಲಪಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪವು ಬಂದುದು ಅದಾದ ಮೂರು ವರ್ಷಗಳ ಮೇಲೆ. ಈ ಕಾರ್ಯಕ್ಕೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರವರು 1901ರಲ್ಲಿಯೇ ತೀರಿಕೊಂಡಿದ್ದುದರಿಂದ ಅದರ ಸಿದ್ಧಿಯನ್ನು ಕಾಣಲಿಲ್ಲ. ಬೆಣಚುಕಲ್ಲನ್ನು ಕುಟ್ಟಿ ಚಿನ್ನವನ್ನು ಬಿಡಿಸಿದುದು ಈ ಕಾಂತಶಕ್ತಿಯೇ. ಸೂಜಿಗಲ್ಲಿನಿಂದ ಹಿಂಜರಿಯುವ ಲೋಹವನ್ನು ನೆಲದಿಂದ ಎತ್ತಿಕೊಟ್ಟುದು ಸೂಜಿಗಲ್ಲಿನ ಬಂಧುವೇ ಎಂದಂತಾಯಿತು.

ಈ ಮೂರು ಬಗೆಗಳಿಗೆ ಎಲ್ಲವೂ ಮುಗಿಯಿತೆಂದು ಬಹುಕಾಲ ಭಾವಿಸಿದ್ದರು. ಆದರೆ ಸಮಸ್ತ ಕಾಂತಶಾಸ್ತ್ರಕ್ಕೂ ಮೂಲವಾದ ಸೂಜಿಗಲ್ಲೇ, ಎಂದರೆ ಮ್ಯಾಗ್ನೆಟೈಟೇ, ಲೆಕ್ಕಕ್ಕೆ ಸಿಕ್ಕಲಿಲ್ಲ. ಅದರೊಳಗಿರುವ ಕಬ್ಬಿಣದ ಪರಮಾಣುಗಳೆಲ್ಲವೂ ಒಂದೇ ದಿಕ್ಕಿಗೆ ನಿಂತರೆ ಬರಬೇಕಾದ ಬಲಕ್ಕಿಂತ ಅದರ ನಿಜವಾದ ಬಲವು ಬಹಳ ಕಡಮೆ. ಈ ಒಗಟನ್ನು ಬಿಡಿಸಿದವನು ಫ್ರಾನ್ಸಿನ ಲೂಯಿ ನೀಲ್. ಅವನು 1930ರ ದಶಕದಲ್ಲಿ, ಕೆಲವು ವಸ್ತುಗಳಲ್ಲಿ ಪರಮಾಣುಗಳು ಎರಡು ಸಾಲಾಗಿ ಎದುರುಬದುರು ಮುಖಮಾಡಿರಬಹುದೆಂದು ತೋರಿಸಿದನು. ನಮ್ಮ ಕೋಲಾಟದ ಎರಡು ಸಾಲುಗಳನ್ನು ನೆನೆಯಿರಿ. ಎರಡೂ ಸಮಬಲವಾಗಿದ್ದರೆ ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುತ್ತದೆ; ಒಳಗೆ ಪರಿಪೂರ್ಣ ಶಿಸ್ತು, ಹೊರಗೆ ಶೂನ್ಯ. ಇದಕ್ಕೆ ಆಂಟಿಫೆರೊಮ್ಯಾಗ್ನೆಟಿಸಮ್ ಎಂದು ಹೆಸರು. ಎರಡು ಸಾಲುಗಳಲ್ಲಿ ಒಂದು ಬಲಿಷ್ಠವಾಗಿದ್ದರೆ ಪೂರ್ತಿಯಾಗಿ ಅಳಿಸಿಹೋಗದೆ ಸ್ವಲ್ಪ ಉಳಿಯುತ್ತದೆ. ಇದನ್ನು 1948ರಲ್ಲಿ ಅವನು ಫೆರಿಮ್ಯಾಗ್ನೆಟಿಸಮ್ ಎಂದನು. ಮ್ಯಾಗ್ನೆಟೈಟಿನ ಬಲವು ಈ ಉಳಿಕೆಯೇ. ಪುರಾತನ ಕಾಲದಿಂದ ಎಲ್ಲರ ಕೈಯಲ್ಲಿದ್ದ ಕಲ್ಲಿನ ಗುಟ್ಟು ಕಟ್ಟಕಡೆಯಲ್ಲಿ ಬಯಲಾಯಿತು. 1970ರಲ್ಲಿ ನೀಲನಿಗೆ ನೊಬೆಲ್ ಬಹುಮಾನವು ದೊರೆಯಿತು.

ನಮ್ಮ ನಾಡಿನ ಕಬ್ಬಿಣದ ಅದಿರುಗಳಲ್ಲಿ ಈ ಭೇದವು ವ್ಯವಹಾರಕ್ಕೂ ಬಂದಿದೆ. 1923ರಲ್ಲಿ ಆರಂಭವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯಿಂದ ಬಂದ ಕೆಂಪು ಅದಿರು ಹೆಮಟೈಟ್. ಅದರಲ್ಲಿ ಎರಡು ಸಾಲುಗಳೂ ಸಮಬಲವುಳ್ಳುವು. ಅವು ಅತ್ಯಲ್ಪವಾಗಿ ಓರೆಯಾಗಿರುವುದರಿಂದ ಕಾಂತತ್ವವು ಹೆಸರಿಗೆ ಮಾತ್ರ ಉಂಟು. 1913ರಲ್ಲಿ ಸಂಪತ್ ಅಯ್ಯಂಗಾರರು ಗುರುತಿಸಿದ ಕುದುರೆಮುಖದ ಅದಿರಾದರೋ ಮ್ಯಾಗ್ನೆಟೈಟಿನಿಂದ ಕೂಡಿದುದು. ಅಲ್ಲಿ 1976ರಲ್ಲಿ ಸ್ಥಾಪಿತವಾದ ಕಂಪನಿಯು, 2005ರ ಕೊನೆಯಲ್ಲಿ ಗಣಿಯು ನಿಲ್ಲುವವರೆಗೂ, ಪುಡಿಮಾಡಿದ ಅದಿರನ್ನು ಕಲ್ಲಿನಿಂದ ಬೇರ್ಪಡಿಸಲು ಅಯಸ್ಕಾಂತವನ್ನೂ ಬಳಸುತ್ತಿದ್ದಿತು. ಎರಡೂ ಕಬ್ಬಿಣದ ಆಕ್ಸೈಡುಗಳೇ. ಸಾಲಿನ ಸಮಬಲವೊಂದರಿಂದಲೇ ಗುಣ ಬೇರೆ.

ಕೋಲಾರದ ಶಿಲಾಪಟ್ಟಿಯಲ್ಲಿಯೂ ಬೆಣಚು ಮತ್ತು ಮ್ಯಾಗ್ನೆಟೈಟ್ ಪದರಪದರವಾಗಿ ಕೂಡಿರುವ ಕಲ್ಲುಗಳಿವೆ. ಪಶ್ಚಿಮದ ಕಡೆಯ ಚಿನ್ನದ ಪಟ್ಟಿಗಳಲ್ಲಿ ಗಂಧಕ ಮತ್ತು ಕಬ್ಬಿಣ ಕೂಡಿದ ಪಿರ್ಹೊಟೈಟ್ ಎಂಬ ಕಂಚಿನ ಬಣ್ಣದ ಖನಿಜವುಂಟು. ಇದರ ಒಂದು ರೂಪವು ಮ್ಯಾಗ್ನೆಟೈಟಿನಂತೆ ಸೂಜಿಯನ್ನು ಸೆಳೆಯುತ್ತದೆ. ಇನ್ನೊಂದು ರೂಪದಲ್ಲಿ ಎದುರುಬದುರು ಸಾಲುಗಳು ಸಮವಾಗಿ ಸೆಳೆತವು ಅಳಿದುಹೋಗುತ್ತದೆ. ಹೀಗೆ ಒಂದೇ ಹೆಸರಿನ ಖನಿಜದಲ್ಲಿ ಎರಡು ಬಗೆಗಳು. ಚಿನ್ನವನ್ನು ಅರಸುವವರಿಗೆ ಈ ನೆರೆಹೊರೆಯು ಉಪಯುಕ್ತ. ನೆಲದ ಮೇಲೆ ಸೂಕ್ಷ್ಮಯಂತ್ರವನ್ನು ಹಿಡಿದು ನಡೆದರೆ ಅದು ಚಿನ್ನವನ್ನು ತೋರಿಸುವುದಿಲ್ಲ. ಚಿನ್ನದ ಪ್ರತಿಕಾಂತತ್ವವು ಆ ಲೆಕ್ಕಕ್ಕೆ ತೀರ ಅಲ್ಪ. ಯಂತ್ರವು ತೋರಿಸುವುದು ಮ್ಯಾಗ್ನೆಟೈಟನ್ನೂ ಪಿರ್ಹೊಟೈಟನ್ನೂ. ಅವುಗಳ ಪಟ್ಟಿ ಎಲ್ಲಿ ತಿರುಗಿತು, ಎಲ್ಲಿ ಮುರಿಯಿತು ಎಂಬುದನ್ನು ಕಂಡು ಚಿನ್ನವಿರುವ ಎಡೆಯನ್ನು ಊಹಿಸಬೇಕು. ಲೋಕದ ಕೆಲವು ಗಣಿಗಳಲ್ಲಿ ಗಂಧಕವನ್ನು ಹೊತ್ತು ಬಂದ ಬಿಸಿನೀರು ಚಿನ್ನವನ್ನಿಳಿಸುವಾಗಲೇ ಮ್ಯಾಗ್ನೆಟೈಟನ್ನು ಕಾಂತಗುಣವಿಲ್ಲದ ಪೈರೈಟಾಗಿ ಮಾರ್ಪಡಿಸಿರುವುದುಂಟು. ಅಂಥಲ್ಲಿ ಸೂಜಿಯು ಸಪ್ಪೆಯಾಗುವುದೇ ಚಿನ್ನದ ಕುರುಹು.

ಪ್ರತಿಯೊಂದು ಕಾಂತವಸ್ತುವಿಗೂ ಒಂದು ಶಾಖದ ಮಿತಿಯಿದೆ. ಕಬ್ಬಿಣವು 770 ಡಿಗ್ರಿಯಲ್ಲಿಯೂ, ಮ್ಯಾಗ್ನೆಟೈಟು ಸುಮಾರು 580ರಲ್ಲಿಯೂ, ಪಿರ್ಹೊಟೈಟು ಸುಮಾರು 320ರಲ್ಲಿಯೂ ತಮ್ಮ ಶಿಸ್ತನ್ನು ಕಳೆದುಕೊಂಡು ಬರಿಯ ಅನುಕಾಂತಗಳಾಗುತ್ತವೆ. ಇದಕ್ಕೆ ಕ್ಯೂರಿ ಬಿಂದುವೆಂದು ಹೆಸರು. ಮೂರು ಕಿಲೋಮೀಟರಿನ ಆಳದಲ್ಲಿ ಕೋಲಾರದ ಬಂಡೆಯ ಶಾಖವು ಸುಮಾರು 65 ಡಿಗ್ರಿ. ಮನುಷ್ಯನಿಗೆ ದುಸ್ಸಹವಾದ ಆ ಬೇಗೆಯಲ್ಲಿ ಕಾರ್ಮಿಕರು ಬೆವರು ಸುರಿಸಿ ದುಡಿದರು. ಆದರೆ ಕಲ್ಲಿನೊಳಗಿನ ಮ್ಯಾಗ್ನೆಟೈಟಿನ ಸಾಲು ಕದಲುವಷ್ಟು ಬಿಸಿ ಅದಲ್ಲ.

ಈ ಮಿತಿಯಿಂದಲೇ ಕಲ್ಲಿಗೆ ಸ್ಮರಣೆಯು ಬಂದಿದೆ. ಕೋಲಾರದ ಗಣಿಗಳಲ್ಲಿಯೂ ಬೆಂಗಳೂರಿನ ಸುತ್ತಲೂ ಹಳೆಯ ಬಂಡೆಗಳನ್ನು ಸೀಳಿಕೊಂಡು ಗೋಡೆಯಂತೆ ನಿಂತಿರುವ ಕರಿಕಲ್ಲುಗಳಿವೆ, ಅವನ್ನು ಡೈಕ್‌ಗಳೆನ್ನುತ್ತಾರೆ. ಭೂಗರ್ಭದಿಂದ ಕರಗಿದ ರಸವು ಬಿರುಕುಗಳಲ್ಲಿ ಏರಿ ಬಂದು ತಣ್ಣಗಾದಾಗ, ಕ್ಯೂರಿ ಬಿಂದುವನ್ನು ದಾಟುವ ಹೊತ್ತಿಗೆ, ಅದರ ಮ್ಯಾಗ್ನೆಟೈಟಿನ ಕಣಗಳು ಅಂದಿನ ಭೂಮಿಯ ಕಾಂತದಿಕ್ಕನ್ನು ಹಿಡಿದು ಹೆಪ್ಪುಗಟ್ಟಿದುವು. ಧಾರವಾಡ ಶಿಲಾಖಂಡದ ಪೂರ್ವಪಶ್ಚಿಮವಾಗಿ ಹಬ್ಬಿದ ಇಂಥ ಡೈಕ್‌ಗಳನ್ನು ಪರೀಕ್ಷಿಸಿದ ಹಾಲ್ಸ್ ಮತ್ತು ಅವರ ಸಂಗಡಿಗರು 2007ರಲ್ಲಿ ಅವುಗಳ ವಯಸ್ಸು ಸುಮಾರು 237 ಕೋಟಿ ವರ್ಷವೆಂದು ಪ್ರಕಟಿಸಿದರು. ಆ ಕಲ್ಲುಗಳೊಳಗಿನ ದಿಕ್ಕಿನಿಂದ, ಈ ನೆಲವು ಆಗ ಭೂಮಿಯ ಧ್ರುವದ ಕಡೆಯ ಅಕ್ಷಾಂಶಗಳಲ್ಲಿದ್ದಿತೆಂದು ತಿಳಿದುಬಂದಿದೆ. ಬಂಗಾರಪೇಟೆಯ ಬಿಸಿಲಿನಲ್ಲಿ ನಿಂತು ಇದನ್ನು ನಂಬುವುದು ಕಷ್ಟ. ಆದರೆ ಕಲ್ಲು ಬರೆದಿಟ್ಟುಕೊಂಡ ಲೆಕ್ಕವನ್ನು ಅಲ್ಲಗಳೆಯುವಂತಿಲ್ಲ.

ಕೊನೆಯದಾಗಿ ಒಂದು ಪ್ರಶ್ನೆಯು ಉಳಿಯುತ್ತದೆ. ಅಯಸ್ಕಾಂತವನ್ನು ಎಷ್ಟು ತುಂಡುಮಾಡಿದರೂ ಪ್ರತಿಯೊಂದು ತುಂಡಿಗೂ ಉತ್ತರ ದಕ್ಷಿಣ ಎಂಬ ಎರಡು ಧ್ರುವಗಳಿರುತ್ತವೆ. ಒಂಟಿ ಧ್ರುವವು ಎಲ್ಲಿಯಾದರೂ ಇರಬಹುದೆ? 1931ರಲ್ಲಿ ಡಿರಾಕ್ ಎಂಬ ಇಂಗ್ಲಿಷ್ ವಿಜ್ಞಾನಿಯು, ಇರಬಾರದೆನ್ನಲು ಯಾವ ಕಾರಣವೂ ಇಲ್ಲವೆಂದು ಗಣಿತದಿಂದ ತೋರಿಸಿದನು. ಅದನ್ನು ಹುಡುಕಿದ ಸ್ಥಳಗಳಲ್ಲಿ ನಮ್ಮ ಕೋಲಾರವೂ ಒಂದು.

ಅದು ನಡೆದ ಬಗೆ ಹೀಗೆ. ಹೋಮಿ ಭಾಭಾ ಅವರು 1945ರಲ್ಲಿ ಬೆಂಗಳೂರಿನಲ್ಲಿ ಮೊದಲುಗೊಳಿಸಿ, ಬಳಿಕ ಮುಂಬಯಿಗೆ ಕೊಂಡೊಯ್ದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ತರುಣ ವಿಜ್ಞಾನಿ ಬಿ. ವಿ. ಶ್ರೀಕಂಠನ್ನರು, 1951ರ ಸುಮಾರಿನಲ್ಲಿ, ಆಕಾಶದಿಂದ ಬೀಳುವ ವಿಶ್ವಕಿರಣಗಳು ಎಷ್ಟು ಆಳಕ್ಕೆ ಇಳಿಯುತ್ತವೆಂಬುದನ್ನು ಅಳೆಯಲು ಈ ಗಣಿಗಿಳಿದರು. ಅಲ್ಲಿಂದ ಸುಮಾರು ನಾಲ್ಕು ದಶಕಗಳ ಕಾಲ ಪ್ರಯೋಗಗಳು ನಡೆದುವು. 1965ರಲ್ಲಿ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ನಗರಗಳ ವಿದ್ವಾಂಸರೊಡನೆ ಕೂಡಿ, ಸುಮಾರು 2,300 ಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು ಪ್ರಪಂಚದಲ್ಲಿಯೇ ಮೊದಲಿಗರ ಸಾಲಿನಲ್ಲಿ ನಿಂತು ಕಂಡರು. ಆ ಕೆಲಸದ ಒಂದು ಘಟ್ಟದಲ್ಲಿ ಕಾಂತವಾಗಿಸಿದ ಕಬ್ಬಿಣದ ದೊಡ್ಡ ಗಟ್ಟಿಗಳನ್ನೂ ಬಳಸಿದರು. ವಿದ್ಯುತ್ಕಣವು ಅದನ್ನು ಹಾಯುವಾಗ ಎತ್ತ ಬಾಗಿತೆಂಬುದರಿಂದ ಅದು ಧನವೋ ಋಣವೋ ತಿಳಿಯುತ್ತದೆ.

1980ರಲ್ಲಿ, ಪ್ರೋಟಾನು ಎಂದಾದರೂ ಸಾಯುವುದೆ ಎಂಬುದನ್ನು ನೋಡಲು, 140 ಟನ್ನಿನ ಯಂತ್ರವನ್ನು ಅಷ್ಟೇ ಆಳದಲ್ಲಿ ಕಟ್ಟಿದರು. ಅದು ಕಬ್ಬಿಣದ ತಗಡುಗಳ ನಡುವೆ ಅಳತೆಯ ಕೊಳವೆಗಳನ್ನು ಹೂಡಿದ 34 ಪದರಗಳ ರಾಶಿ. 1982ರ ಫೆಬ್ರವರಿಯಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡಿನಲ್ಲಿ ಕ್ಯಾಬ್ರೆರಾ ಎಂಬವನ ಯಂತ್ರವು ಒಂಟಿ ಧ್ರುವವು ಹಾದುಹೋದಂತೆ ಒಂದೇ ಒಂದು ಸಲ ಸಂಕೇತವನ್ನು ಕೊಟ್ಟಿತು, ಲೋಕವೆಲ್ಲ ಕಿವಿನಿಮಿರಿಸಿತು. ಕೋಲಾರದವರೂ ತಮ್ಮ ಯಂತ್ರದ ದಾಖಲೆಗಳಲ್ಲಿ ಅದನ್ನು ಹುಡುಕಿದರು. ಸಿಕ್ಕಲಿಲ್ಲ. ಇಂಥ ಕಣಗಳು ಇದ್ದರೂ ಇಷ್ಟಕ್ಕಿಂತ ಹೆಚ್ಚಾಗಿರಲಾರವು, ಎಂಬ ಮಿತಿಯನ್ನು 1984ರಲ್ಲಿ ಪ್ರಕಟಿಸಿದರು. ಸ್ಟ್ಯಾನ್‌ಫರ್ಡಿನ ಸಂಕೇತವು ಮತ್ತೆ ಬರಲಿಲ್ಲ. ಇಲ್ಲವೆಂಬುದನ್ನು ಪ್ರಾಮಾಣಿಕವಾಗಿ ಅಳೆದು ಹೇಳುವುದೂ ವಿಜ್ಞಾನದಲ್ಲಿ ಒಂದು ಗಳಿಕೆಯೇ.

ಗಣಿಯಲ್ಲಿ ಚಿನ್ನವು ಕಡಮೆಯಾಗುತ್ತ ಬಂದು ನಷ್ಟವು ಹೆಚ್ಚುತ್ತಿದ್ದ ವರ್ಷಗಳೇ ಇವು. ಮೇಲೆ ಚಿನ್ನವು ಬರುವುದು ಕುಂದುತ್ತಿದ್ದಾಗ ಕೆಳಗೆ ಕಬ್ಬಿಣವು ಇಳಿಯಿತು. 1990ರ ದಶಕದ ಆರಂಭದಲ್ಲಿ ಆಳದ ಪ್ರಯೋಗಶಾಲೆಯು ನಿಂತಿತು. 2001ರ ಫೆಬ್ರವರಿ 28ರಂದು ಗಣಿಗಳನ್ನು ಮುಚ್ಚಿದರು. ಸಾವಿರಾರು ಸಂಸಾರಗಳು ಜೀವನೋಪಾಯವನ್ನು ಕಳೆದುಕೊಂಡುವು. ತಲೆಮಾರುಗಳ ಕಾಲ ಭೂಗರ್ಭಕ್ಕೆ ಇಳಿದವರ ಮಕ್ಕಳು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಕೂಲಿಯನ್ನರಸಿ ಓಡಾಡುವಂತಾಯಿತು.

ಚಿನ್ನ ಮುಗಿದ ಮೇಲೆ ಆ ಊರಿನಲ್ಲಿ ಏನಿದೆ, ಎಂದು ಕೇಳುವವರನ್ನು ನಾವು ಕಂಡಿದ್ದೇವೆ. ಸೂಜಿಗಲ್ಲಿಗೆ ಅಂಟದ ವಸ್ತುವಿನಲ್ಲಿ ಏನೂ ಇಲ್ಲವೆಂದು ಎರಡು ಸಾವಿರ ವರ್ಷ ಹೇಳುತ್ತಿದ್ದವರ ಮಾತಿನಂತೆಯೇ ಇದೂ ಇದೆ. ಫ್ಯಾರಡೆಯು ಗಾಜಿನ ತುಂಡು ಅಡ್ಡತಿರುಗಿದುದನ್ನು ನಿಂತು ನೋಡಿದುದರಿಂದ ಒಂದು ಶಾಸ್ತ್ರವು ಬೆಳೆಯಿತು. ಕೋಲಾರದ ಕರಿಕಲ್ಲಿನಲ್ಲಿ ಭೂಮಿಯ ಪುರಾತನ ದಿಕ್ಕುಗಳು ಇನ್ನೂ ಇವೆ. ನೀರು ತುಂಬಿದ ಸುರಂಗಗಳ ಹಿಂದೆ ಮಾನವನ ಜ್ಞಾನಕ್ಕೆ ಕೋಲಾರವು ಕೊಟ್ಟ ಕಾಣಿಕೆಯ ನೆನಪೂ ಇದೆ. ಆ ಯಂತ್ರಗಳನ್ನು ಇಳಿಸಲು ನೆರವಾದ ಗಣಿಯ ಜನರ ಮಕ್ಕಳು ಮೊಮ್ಮಕ್ಕಳು ಅಲ್ಲಿಯೇ ಇದ್ದಾರೆ. ಅವರ ಶಾಲೆಗಳಲ್ಲಿ ಕಾಂತತ್ವದ ಪಾಠವನ್ನು ಹೇಳುವ ಉಪಾಧ್ಯಾಯರು ಪುಸ್ತಕದ ಚಿತ್ರವನ್ನು ತೋರಿಸಿ ಮುಗಿಸದೆ, ಒಂದು ಬೆಣಚುಕಲ್ಲು, ಒಂದು ಹಸುರುಗಪ್ಪು ಕಲ್ಲು, ಒಂದು ಹಳೆಯ ಮೊಳೆ, ಒಂದು ಹಿಡಿ ಕರಿಯ ಮರಳು, ಇಷ್ಟನ್ನು ಮೇಜಿನ ಮೇಲೆ ಇಟ್ಟರೆ ಸಾಕು. ಊರಿನ ಹುಡುಗರಿಗೆ ತಮ್ಮ ಕಾಲಕೆಳಗಿನ ನೆಲದ ಬೆಲೆಯು ತಿಳಿದೀತು.

ಈ ರಾತ್ರಿ ಮನೆಯಲ್ಲಿ ಉಂಗುರವನ್ನು ತೆಗೆದು ಸೂಜಿಗಲ್ಲಿನ ಬಳಿ ಹಿಡಿಯುವ ಶ್ರೋತೃಗಳಿಗೆ ಯಾವ ಚಲನೆಯೂ ಕಾಣದು. ಆದರೂ ಲಕ್ಷದಲ್ಲಿ ಮೂರು ಪಾಲಿನಷ್ಟು ಅದು ಹಿಂದಕ್ಕೆ ಸರಿಯಲು ಯತ್ನಿಸುತ್ತಿರುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸಿ, ನಾವು ಈ ಭಾಷಣವನ್ನು ಮುಗಿಸುತ್ತೇವೆ.